ಬರುವಾಗ ಮರಗಳಿರಲಿಲ್ಲ

ಅಥವಾ ಅವರು ಹಾಗೆ ಹೇಳಲೇ ಇಲ್ಲವೇನೋ. ನಮ್ಮ ಕನ್ನಡ ಮೇಡಂ ಹೆಡ್ ಮಾಸ್ಟರ ಕೋಣೆಯಲ್ಲಿ ನಿಂತು ಕೊಟ್ಟರೆಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಉತ್ತರವನ್ನು ನಾನೇ ಕಟ್ಟಿರಬಹುದು. ಅದು ತೀರಾ ಚೆನ್ನಾಗಿದೆ. ಅಷ್ಟು ಚೆನ್ನಾಗಿರುವ ನೆನಪನ್ನು ನಾನು ನಂಬುವುದಿಲ್ಲ.

ಇದನ್ನೆಲ್ಲ ಕೆದಕಿದ್ದು ಒಂದು ಗೈಡಿನ ವಾಸನೆ. ಹೋದ ಭಾನುವಾರ ಮಾಲೂರಿನ ಅಕ್ಕನ ಮನೆಯಲ್ಲಿದ್ದೆ. ಹತ್ತನೇ ತರಗತಿಯಲ್ಲಿರುವ ಅಕ್ಕನ ಮಗಳು ಹೊಸ ಗೈಡನ್ನು ನನ್ನ ಮುಂದಿಟ್ಟು, ಇದರಲ್ಲಿ ಯಾವ ಉತ್ತರ ಉರು ಹೊಡೆದರೆ ಸಾಕು ಹೇಳು ಚಿಕ್ಕಮ್ಮ ಎಂದಳು. ತೆರೆದ ಕೂಡಲೇ ಅಗ್ಗದ ಕಾಗದದ, ಗೋಂದಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಒಂದು ಕಥೆಯ ಕೆಳಗೆ ಅಚ್ಚಾಗಿತ್ತು: ‘ಈ ಕಥೆಯು ಮಾನವೀಯ ಮೌಲ್ಯಗಳನ್ನು ಎತ್ತಿ ಹಿಡಿಯುತ್ತದೆ.’ ನಾನು ಓದಿದ ಪಠ್ಯಪುಸ್ತಕ ಈಗಿಲ್ಲ, ಅದರ ಕಥೆಗಳಿಲ್ಲ. ಈ ವಾಕ್ಯ ಮಾತ್ರ ಕೂತ ಜಾಗದಿಂದ ಅಲುಗಾಡಿಲ್ಲ. ಯಾವ ಕಥೆಯ ಕೆಳಗೆ ಬೇಕಾದರೂ ಇದನ್ನು ಅಂಟಿಸಬಹುದು. ನನ್ನ ಮುಖ ನೋಡಿ ಆ ಹುಡುಗಿ ಗೈಡನ್ನು ಎತ್ತಿಕೊಂಡು ಒಳಗೆ ಹೋದಳು.

ಅದೇ ವಾರ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮೇಡಂ ತೀರಿಕೊಂಡ ಸುದ್ದಿ ಬಂದಿತ್ತು. ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ‘ನಮ್ಮಲ್ಲಿ ಮೌಲ್ಯಗಳನ್ನು ಬಿತ್ತಿದ ಗುರುಮಾತೆ’ ಎಂದು ಒಬ್ಬ ಬರೆದಿದ್ದ, ಉಳಿದವರು ಅದನ್ನೇ ಮುಂದಕ್ಕೆ ದಾಟಿಸಿದ್ದರು. ಅವರಿಂದ ಓದಿಸಿಕೊಂಡವರು ಅವರ ಬಗ್ಗೆಯೇ ಗೈಡಿನ ವಾಕ್ಯ ಬರೆಯುತ್ತಿದ್ದರು. ನೆನಪಿನ ಪುಸ್ತಕಕ್ಕೆ ಅರ್ಧ ಪುಟ ಬರೆದುಕೊಡು ಎಂದು ನನ್ನನ್ನೂ ಕೇಳಿದರು. ಇದು ಅರ್ಧ ಪುಟವಲ್ಲ. ಅವರು ಹಾಕುವುದೂ ಇಲ್ಲ.

ನಮ್ಮ ಹೈಸ್ಕೂಲು ದೇವರಾಯಸಮುದ್ರದ ಹತ್ತಿರ. ಮೇಡಂ ಕೋಲಾರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಿಡ್ಡ ಹೆಂಗಸು... ಗಿಡ್ಡವಾಗಿದ್ದರೇ? ಬೋರ್ಡಿನ ಮೇಲುಭಾಗ ಯಾವಾಗಲೂ ಖಾಲಿ ಇರುತ್ತಿತ್ತು, ಅದರಿಂದ ಹೇಳುತ್ತಿದ್ದೇನೆ. ಮುಖ ಸರಿಯಾಗಿ ನೆನಪಿಲ್ಲ. ನೆನಪಿರುವುದು ಅವರ ಪದ್ಧತಿ.

ಸಣ್ಣಕಥೆಯ ಬಗ್ಗೆ ಒಂದು ಪ್ಯಾರಾ ಬರೆಯುವುದನ್ನು ಅವರು ಕಲಿಸಿದ ರೀತಿಯಲ್ಲಿ ನನಗೆ ಬೇರೆ ಯಾರೂ ಕಲಿಸಲಿಲ್ಲ, ಮುಂದೆ ಕಾಲೇಜಿನಲ್ಲೂ ಇಲ್ಲ. ಮೊದಲು ನಿನಗೇ ಅನಿಸಿದ ಒಂದು ಮಾತು ಹೇಳಬೇಕು. ಆಮೇಲೆ ಕಥೆಯಲ್ಲಿ ಅದು ಯಾವ ಸಾಲಿನಿಂದ ಬಂತೆಂದು ತೋರಿಸಬೇಕು. ಆ ಸಾಲಿನಿಂದ ಈ ಮಾತಿಗೆ ಹೇಗೆ ಬಂದೆ ಎಂದು ಬಿಡಿಸಬೇಕು. ಕೊನೆಗೆ, ಒಪ್ಪದವನು ಏನನ್ನುತ್ತಾನೆ ಎಂಬುದಕ್ಕೂ ಜಾಗ ಬಿಡಬೇಕು. ಬರೆದದ್ದನ್ನು ಎದ್ದು ನಿಂತು ಓದಿದರೆ ತರಗತಿಯಲ್ಲಿ ಯಾರು ಬೇಕಾದರೂ “ಎಲ್ಲೈತೆ?” ಎಂದು ಕೇಳಬಹುದಿತ್ತು. ಆಗ ಪುಸ್ತಕ ತೆರೆದು ಸಾಲಿನ ಮೇಲೆ ಬೆರಳಿಡಬೇಕು. ಬೆರಳಿಡಲು ಸಾಲಿಲ್ಲದಿದ್ದರೆ ಮಾತನ್ನು ಹೊಡೆದುಹಾಕಬೇಕು. ಮೇಡಂಗೂ ಇದೇ ಕಾನೂನು. ಅವರನ್ನೇ ನಾವು ಎಷ್ಟೋ ಸಲ ಸಿಕ್ಕಿಸಿ ಹಾಕಿದ್ದೇವೆ, ಅವರು ತಮ್ಮ ವಾಕ್ಯವನ್ನು ಬೋರ್ಡಿನಿಂದ ಅಳಿಸಿದ್ದಾರೆ.

ಇನ್ನೊಂದು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ತೆಲುಗು. ಕನ್ನಡ ಪೀರಿಯಡ್ಡಿನಲ್ಲಿ ತೆಲುಗು ಆಡಿದರೆ ಹಿಂದಿನ ಮೇಷ್ಟ್ರು ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಮೇಡಂ ಮಾತ್ರ, ಜಗಳ ಯಾವ ಭಾಷೆಯಲ್ಲಾದರೂ ಆಡಿ, ಬರೆಯುವಾಗ ಕನ್ನಡದಲ್ಲಿ ಬರೆಯಿರಿ ಎಂದುಬಿಟ್ಟರು. ಅಲ್ಲಿಯವರೆಗೆ ಬಾಯಿ ಬಿಡದವರೆಲ್ಲ ಬಾಯಿ ಬಿಟ್ಟರು.

ನನ್ನ ಬೆಂಚಿನ ಯಶೋದ ಅವರಲ್ಲಿ ಒಬ್ಬಳು. ಅವಳ ಅಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಿದ್ದರು. ಹಿಂದಿನ ವರ್ಷವಷ್ಟೇ ಅವಳ ಅಕ್ಕನನ್ನು ಆಂಧ್ರದ ಕಡೆಗೆ ಮದುವೆ ಮಾಡಿಕೊಟ್ಟಿದ್ದರು. ಇವಳನ್ನು ಓದಿಸುವುದೋ ಕಳಿಸುವುದೋ ಎಂಬ ಮಾತು ಮನೆಯಲ್ಲಿ ನಡೆದಿತ್ತು. ಚೆನ್ನಾಗಿ ಪಾಸಾದರೆ ಮುಳಬಾಗಿಲಿನ ಕಾಲೇಜು, ಇಲ್ಲದಿದ್ದರೆ ಇಲ್ಲ.

ಪಠ್ಯದಲ್ಲಿ ಒಂದು ಕಥೆಯಿತ್ತು. ಮದುವೆಯಾದ ಮಗಳ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಅಪ್ಪ ಅವಳನ್ನು ಗಂಡನ ಮನೆಗೆ ನಡೆಸಿಕೊಂಡು ಹೋಗಿ ಬಿಟ್ಟುಬರುತ್ತಾನೆ. ಅಷ್ಟೇ. ಗೈಡಿನ ಪ್ರಕಾರ ಅದು ತಂದೆಯ ವಾತ್ಸಲ್ಯದ ಕಥೆ. ಯಶೋದ ಎದ್ದು ನಿಂತು, ಆ ಅಪ್ಪನಿಗೆ ದುಃಖವಾಗಿಲ್ಲ, ಹಗುರವಾಗಿದೆ ಎಂದಳು. ಎಲ್ಲೈತೆ, ಎಲ್ಲೈತೆ ಎಂದು ಎಲ್ಲರೂ ಮುಗಿಬಿದ್ದರು. ಅವಳು ಬೆರಳಿಟ್ಟಳು. ಹೋಗುವಾಗ ದಾರಿಯ ಪ್ರತಿ ಮರದ ಹೆಸರೂ ಕಥೆಯಲ್ಲಿದೆ: ಹುಣಸೆ, ಹೊಂಗೆ, ಅರಳಿ. ಒಂದೊಂದರ ಕೆಳಗೂ ಅಪ್ಪ ಕೂರುತ್ತಾನೆ. ಬರುವಾಗ ಒಂದು ಮರವೂ ಇಲ್ಲ.

ಹಿಂದಿನ ಬೆಂಚಿನಿಂದ ವೆಂಕಟೇಶ ಕೂತಲ್ಲೇ ಹೇಳಿದ: “ವಚ್ಚೇಟಪ್ಪುಡು ಪೆಟ್ಟೆ ಲೇದು ಕದಾ ಮೇಡಂ.” ಬರುವಾಗ ಹೆಗಲ ಮೇಲೆ ಪೆಟ್ಟಿಗೆಯೇ ಇಲ್ಲವಲ್ಲ, ಕೂರುವುದು ಯಾಕೆ ಎಂದು. ತರಗತಿ ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. ಅವನು ಹೇಳಿದ್ದೂ ಕಥೆಯಲ್ಲಿದೆ, ಅವನಿಗೆ ಉತ್ತರ ಕೊಡದೆ ನಿನ್ನ ಪ್ಯಾರಾ ಮುಗಿಯುವುದಿಲ್ಲ ಎಂದು ಯಶೋದಳನ್ನು ಕೂರಿಸಿದರು.

ಅವಳು ಕೆಲವು ದಿನ ಆ ಕಥೆಯನ್ನೇ ಹಿಡಿದು ಕೂತಳು. ಮನೆಯಲ್ಲಿ ಹುಳಗಳಿಗೆ ಸೊಪ್ಪು ಹಾಕುವಾಗಲೂ ಪುಸ್ತಕ ಹುಳದ ತಟ್ಟೆಯ ಪಕ್ಕದಲ್ಲಿರುತ್ತಿತ್ತು ಎಂದು ಆಮೇಲೆ ಹೇಳಿದಳು. ಕೊನೆಗೆ ಸಾಲು ಸಿಕ್ಕಿತು. ಕಥೆಯ ಕೊನೆಗೆ ಅಪ್ಪ ಮನೆಗೆ ಬಂದು ಒಳಗೆ ಕಾಲಿಡುವುದಿಲ್ಲ. ಹೊರಗೇ ನಿಂತು ತಲೆಯ ಮೇಲೆ ನೀರು ಸುರಿದುಕೊಂಡು, ಟವೆಲ್ ಹಿಂಡಿ ಹಾಕಿ, ಆಮೇಲೆ ಒಳಗೆ ಬರುತ್ತಾನೆ. ನಮ್ಮ ಕಡೆ ಹಾಗೆ ಬರುವುದು ಮಣ್ಣು ಮಾಡಿ ಬಂದಾಗ. ಅವನ ಮನಸ್ಸಿನಲ್ಲಿ ಮಗಳು ಅಲ್ಲಿಗೆ ಮುಗಿದಳು, ಹಗುರವಾದದ್ದು ಹೆಗಲಷ್ಟೇ ಅಲ್ಲ ಎಂದು ಯಶೋದ ಬರೆದಳು. ಬಿಸಿಲಿಗೆ ನಡೆದುಬಂದ ಯಾರಾದರೂ ನೀರು ಸುರಿದುಕೊಳ್ಳಬಹುದು, ಆದರೆ ಹೆಂಡತಿ ಒಳಗಿನಿಂದ ಕರೆದರೂ ಮುಟ್ಟಬೇಡ ನಿಲ್ಲು ಅನ್ನುತ್ತಾನೆ, ಅದು ಬಿಸಿಲಿನ ಮಾತಲ್ಲ ಎಂದು ವೆಂಕಟೇಶನಂಥವರಿಗೂ ಉತ್ತರ ಬರೆದಳು. ಓದಿ ಮುಗಿಸಿದಾಗ ಯಾರೂ ಎಲ್ಲೈತೆ ಎನ್ನಲಿಲ್ಲ. ಮೇಡಂ ಪುಸ್ತಕ ಮುಚ್ಚಿದರು. ಇದು ನನಗೆ ಹೊಳೆದಿರಲಿಲ್ಲ ಎಂದರು... ಅಂದಿರಬೇಕು.

ಪ್ರಿಪರೇಟರಿ ಪರೀಕ್ಷೆಯಲ್ಲಿ ಅದೇ ಕಥೆ ಬಂತು. ಉತ್ತರಪತ್ರಿಕೆಗಳನ್ನು ಬೇರೆ ಶಾಲೆಗೆ ಕಳಿಸಿ ತಿದ್ದಿಸುತ್ತಿದ್ದರು. ಯಶೋದಳ ಪ್ಯಾರಾಕ್ಕೆ ಕೆಂಪು ಶಾಯಿಯಲ್ಲಿ ಸೊನ್ನೆ, ಪಕ್ಕದಲ್ಲಿ ‘ಅಸಂಬದ್ಧ. ಪೋಷಕರ ಗಮನಕ್ಕೆ ತರುವುದು.’ ಆ ಮಹಾನುಭಾವ ಕಥೆ ತೆರೆದು ನೋಡಿರಲಾರ. ಮಾದರಿ ಉತ್ತರದಲ್ಲಿ ‘ವಾತ್ಸಲ್ಯ’ ಎಂದಿತ್ತು, ಇವಳಲ್ಲಿ ಆ ಪದ ಇರಲಿಲ್ಲ, ಮುಗಿಯಿತು. ಒಂದು ಹುಡುಗಿ ತಾನೇ ಯೋಚಿಸಿ, ಸಾಲು ಹುಡುಕಿ, ಎದುರು ಮಾತಿಗೂ ಉತ್ತರ ಕೊಟ್ಟು ಬರೆದದ್ದಕ್ಕೆ ಊರಿನ ಮುಂದೆ ಸೊನ್ನೆ. ಉರು ಹೊಡೆದವರಿಗೆಲ್ಲ ಪೂರ್ತಿ ಅಂಕ.

ಹೆಡ್ ಮಾಸ್ಟರು ಅವಳ ಅಪ್ಪನನ್ನು ಕರೆಸಿದರು. ಕೋಣೆಯಲ್ಲಿ ಮೂವರೇ: ಹೆಡ್ ಮಾಸ್ಟರು, ಅಪ್ಪ, ಮೇಡಂ. ನಾನು ಮತ್ತು ಯಶೋದ ಹೊರಗೆ ಗೋಡೆಗೆ ಒರಗಿ ನಿಂತಿದ್ದೆವು. ಪಕ್ಕದ ತೋಟದಲ್ಲಿ ಬೋರ್ ಕೊರೆಯುತ್ತಿದ್ದರು, ಕಿವಿ ಕಿತ್ತುಹೋಗುವ ಸದ್ದು. ಹೆಡ್ ಮಾಸ್ಟರು ಆ ಪ್ಯಾರಾವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದರು, ಕಥೆಯನ್ನು ಹೇಳಲಿಲ್ಲ. ಆ ಮನುಷ್ಯ ಹಿಂದಿನ ವರ್ಷ ತನ್ನ ದೊಡ್ಡ ಮಗಳ ಪೆಟ್ಟಿಗೆ ಹೊತ್ತವನು. ತನ್ನ ಬಗ್ಗೆಯೇ ಬರೆದಿದ್ದಾಳೆಂದು ತಿಳಿದ. ಬೋರಿನ ಸದ್ದಿನ ಮೇಲೂ ಅವನ ಮಾತು ಕೇಳಿಸಿತು.

“ಬದುಕಿರೋ ಮಗಳಿಗೆ ನೀರ್ ಬಿಡೋನಾ ಮೇಡಮ್ಮಾ ನಾನು? ಸಾಕು ಬಿಡಿ, ಇದೇನಾ ಇಸ್ಕೂಲಲ್ಲಿ ಕಲ್ಸೋದು? ಪರೀಕ್ಷೆನೂ ಬೇಡ, ಏನೂ ಬೇಡ.”

ಯಶೋದ ನನ್ನ ಕೈ ಹಿಡಿದುಕೊಂಡಳು. ಅವಳ ಕಾಲೇಜು ಆ ಕ್ಷಣಕ್ಕೆ ಮುಗಿದಿತ್ತು.

ಆಮೇಲೆ ಮೇಡಂ ಏನೋ ಹೇಳಿದರು. ಮೆಲ್ಲನೆ ಮಾತಾಡುವ ಹೆಂಗಸು. ಪುಸ್ತಕವನ್ನು ಹೆಡ್ ಮಾಸ್ಟರ ಮುಂದೆ ಹಿಡಿದು, “ಇವಳು ಬರೆದಿದ್ದು ಇಲ್ಲಿದೆ ಸಾರ್. ನೀವು ಹೇಳೋ ವಾತ್ಸಲ್ಯ ಎಲ್ಲಿದೆ ತೋರ್ಸಿ” ಎಂದರೆಂದು ನಾನು ಹೇಳಿಕೊಂಡು ಬಂದಿದ್ದೇನೆ. ಆದರೆ ಬೋರ್ ಕೊರೆಯುತ್ತಿದ್ದರೆ ನನಗೆ ಅದು ಕೇಳಿಸಿದ್ದು ಹೇಗೆ? ಮೇಡಂ ಕೈಮುಗಿದು ತಪ್ಪಾಯಿತು ಎಂದರು, ತಾನು ಕಿಟಕಿಯಲ್ಲಿ ನೋಡಿದೆ ಎಂದು ವೆಂಕಟೇಶ ಈಗ ಗುಂಪಿನಲ್ಲಿ ಬರೆದಿದ್ದಾನೆ. ಅವನು ಅಲ್ಲಿದ್ದದ್ದು ನನಗೆ ನೆನಪಿಲ್ಲ. ನನಗೆ ನೆನಪಿಲ್ಲ ಎಂದ ಮಾತ್ರಕ್ಕೆ ಅವನು ಇರಲಿಲ್ಲ ಎಂದಾಗುವುದಿಲ್ಲ.

ಖಚಿತವಾಗಿ ಗೊತ್ತಿರುವುದು ಎರಡು. ಬಹಳ ಹೊತ್ತಿನ ಮೇಲೆ ಅಪ್ಪ ಹೊರಗೆ ಬಂದವನು ಯಶೋದಳ ತಲೆ ಮುಟ್ಟಿ, “ನಡಿಯಮ್ಮಾ ಒಳಕ್ಕೆ, ಓದ್ಕೋ” ಎಂದ. ಮರುದಿನ ಮೇಡಂ ತರಗತಿಗೆ ಗೈಡು ಹಿಡಿದು ಬಂದರು. ಪರೀಕ್ಷೆಯವರೆಗೂ ಉತ್ತರಗಳನ್ನು ಹೇಳಿ ಬರೆಸಿದರು. ‘ಈ ಕಥೆಯು ತಂದೆಯ ವಾತ್ಸಲ್ಯವನ್ನು ಸಾರುತ್ತದೆ, ಪೂರ್ಣವಿರಾಮ.’ ಎಲ್ಲೈತೆ ಮೇಡಂ ಎಂದು ಯಾರೋ ಒಮ್ಮೆ ಕೇಳಿದರು. ಅವರು ಮುಂದಿನ ವಾಕ್ಯಕ್ಕೆ ಹೋದರು. ಅಂಥ ಕ್ಲಾಸನ್ನು ಕಟ್ಟಿದವರೇ ಅದನ್ನು ತಮ್ಮ ಕೈಯಾರೆ ಮುರಿದರು, ನಮ್ಮ ಕಣ್ಣೆದುರಿಗೆ, ಒಂದು ಮಾತು ವಿವರಿಸದೆ. ಹೆಡ್ ಮಾಸ್ಟರ ಮೇಲಿನ ಸಿಟ್ಟು, ಆ ಕೆಂಪು ಶಾಯಿಯ ಮೇಲಿನ ಸಿಟ್ಟು ನನಗೆ ಹಳೆಯದಾಗಿದೆ. ಇದರ ಮೇಲಿನದು ಹಳೆಯದಾಗಿಲ್ಲ.

ಯಶೋದ ಪಬ್ಲಿಕ್ ಪರೀಕ್ಷೆಯಲ್ಲಿ ಗೈಡಿನ ವಾಕ್ಯ ಬರೆದಳು. ಪಾಸಾದಳು, ಕಾಲೇಜಿಗೆ ಹೋದಳು. ಮೇಡಂ ಅದೇ ವರ್ಷ ವರ್ಗ ಮಾಡಿಸಿಕೊಂಡು ಹೋದರು. ಮಾಡಿಸಿಕೊಂಡರೋ, ಮಾಡಿದರೋ... ನಾವು ಕೇಳಲಿಲ್ಲ.

ಮೊನ್ನೆ ಯಶೋದಳಿಗೆ ಫೋನ್ ಮಾಡಿದೆ. ಶ್ರೀನಿವಾಸಪುರದಲ್ಲಿ ನರ್ಸ್ ಆಗಿದ್ದಾಳೆ. ಮೇಡಂ ಹೋದ ಸುದ್ದಿಗೆ ಅತ್ತಳು. ಅವತ್ತು ಒಳಗೆ ಅವರು ಏನು ಹೇಳಿದರೆಂದು ನಿನ್ನ ಅಪ್ಪ ಎಂದಾದರೂ ಬಾಯಿ ಬಿಟ್ಟರಾ ಎಂದು ಕೇಳಿದೆ.

“ಸಾಯೋವರ್ಗೂ ಹೇಳ್ಲಿಲ್ಲ ಕಣೇ. ಕೇಳಿದ್ರೆ, ಹೋಗಿ ಟೀ ಇಡು ಅನ್ನೋನು.” ಆಮೇಲೆ, “ನೀನ್ಯಾಕೆ ಅದನ್ನ ಇನ್ನೂ ಹಿಡ್ಕೊಂಡಿದ್ದೀಯ? ನಂಗೆ ಸೀಟು ಸಿಕ್ತಲ್ಲ” ಎಂದಳು.

ಸೊನ್ನೆ ಬಿದ್ದದ್ದು ಅವಳಿಗೆ. ಸಿಟ್ಟು ಉಳಿದಿರುವುದು ನನ್ನೊಬ್ಬಳಲ್ಲಿ.

ಹೆಡ್ ಮಾಸ್ಟರು ಎಂದೋ ಹೋದರು, ಯಶೋದಳ ಅಪ್ಪನೂ ಇಲ್ಲ, ಈಗ ಮೇಡಂ. ಅವಳನ್ನು ಪರೀಕ್ಷೆಗೆ ಕೂರಿಸಿದರೆ ಇನ್ನು ಮುಂದೆ ಹೀಗೆ ಕಲಿಸುವುದಿಲ್ಲ ಎಂದು ಅವರು ಮಾತು ಕೊಟ್ಟರೇ? ಅಥವಾ ಆ ಅಪ್ಪನಿಗೆ ಕಥೆಯನ್ನು ಮೊದಲಿನಿಂದ ಓದಿ ಹೇಳಿದರೇ? ಅಥವಾ ಬರೀ ಹೆದರಿದರೇ? ಮೂರರಲ್ಲಿ ಯಾವುದು ನಿಜವೆಂದು ಬರೆದರೂ ಅದಕ್ಕೆ ನನ್ನ ಬಳಿ ಆಧಾರವಿಲ್ಲ. ಆ ಕೋಣೆಯಲ್ಲಿ ಅವರು ಏನು ಹೇಳಿದರು ಎಂಬುದು ನನಗೆ ಗೊತ್ತಿಲ್ಲ.