ಗಯಾಬಾಯಿಯ ಹೊಲದಲ್ಲಿ ಶಂಟಿಂಗ್

ಹುಮನಾಬಾದಿನ ನಮ್ಮ ಓಣಿಯ ಬಕ್ಕಪ್ಪ ಕಾಕಾ 1956ರಲ್ಲಿ ವಾಡಿ ಜಂಕ್ಷನ್ನಿನಲ್ಲಿ ಕೆಲಸಕ್ಕೆ ಸೇರಿ, 1981ರಲ್ಲಿ ನಿವೃತ್ತರಾಗಿ ಊರಿಗೆ ಬಂದರು. ಆ ಇಪ್ಪತ್ತೈದು ವರ್ಷವೂ ಅವರು ಶಂಟಿಂಗ್ ಇಂಜಿನ್ ಮೇಲೆಯೇ ಇದ್ದರು. ಅದು ಊರೂರಿಗೆ ಹೋಗುವ ಇಂಜಿನ್ ಅಲ್ಲ. ಸ್ಟೇಷನ್ ಪಕ್ಕದ ಹಳಿಗಳ ಮೇಲೆ ಹಿಂದೆ ಮುಂದೆ ಓಡಾಡಿ, ಗೂಡ್ಸ್ ಡಬ್ಬಿಗಳನ್ನು ಬಿಡಿಸಿ, ಬೇಕಾದ ಸಾಲಿನಲ್ಲಿ ಜೋಡಿಸಿ ಕೊಡುವ ಇಂಜಿನ್.

ಈ ಸಂಗತಿ ಬಸವಕಲ್ಯಾಣದಲ್ಲಿದ್ದ ಅವರ ಅಕ್ಕ ಗಯಾಬಾಯಿಗೆ ಗೊತ್ತಿರಲಿಲ್ಲ. ತಾಯಿಯಿಲ್ಲದ ತಮ್ಮನನ್ನು ಬೆಳೆಸಿದವರು ಅವರೇ. ತಮ್ಮ ರೈಲ್ವೆ ಸೇರಿದ ಎಂದ ಕೂಡಲೇ, ಮುಂಬೈ ಗಾಡಿ ನಡೆಸುತ್ತಾನೆ ಎಂದು ತಾವೇ ತೀರ್ಮಾನಿಸಿ ಊರಿಗೆಲ್ಲ ಹೇಳಿಬಿಟ್ಟಿದ್ದರು. ಮೊದಲ ಸಲ ಕಾಕಾ ಸುಮ್ಮನಿದ್ದರು. ಎರಡನೇ ಸಲ ತಿದ್ದುವುದು ಕಷ್ಟವಾಯಿತು. ಹತ್ತು ವರ್ಷ ಕಳೆದ ಮೇಲೆ ಆಗಲೇ ಇಲ್ಲ.

ನಿವೃತ್ತಿಯಾದ ಮೇಲೆ ಈ ಸುಳ್ಳು ಅವರನ್ನು ಬಹಳ ಕಾಡಿತು. ಬಾಯಿಂದ ಹೇಳಲು ಬಾರದ್ದನ್ನು ಕೈಯಿಂದ ಮಾಡಿ ತೋರಿಸಲು ಹೊರಟರು. ಹಳೆಯ ಬಾಗಿಲ ಹಲಗೆಯ ಮೇಲೆ ತಂತಿಯಿಂದ ಒಂದಕ್ಕೊಂದು ಕೂಡುವ ಮೂರು ಹಳಿ ಹಾಕಿದರು. ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ಗೇಣುದ್ದದ ಇಂಜಿನ್ ಮತ್ತು ಐದು ಡಬ್ಬಿ ಮಾಡಿದರು. ತಗಡಿನ ಕೆಲಸದ ಜಹೀರುದ್ದೀನ್ ಬೆಸುಗೆ ಹಾಕಿಕೊಟ್ಟರು, ಹಾಕುತ್ತ ಒಂದು ಮಾತನ್ನೂ ಆಡಿದರು: "ಅಕ್ಕಗ ಎರಡು ಮಾತು ಹೇಳೂದಕ್ಕ ಇಷ್ಟು ತಗಡು ಬೇಕೇನ್ರಿ?"

ಕಾಕಾ ತೋರಿಸಬೇಕೆಂದಿದ್ದು ಚಳಿಗಾಲದ ಒಂದು ಬೆಳಗು. ಮಂಜು ಕವಿದಾಗ ಕೆಲಸ ಬಹಳ ಕಠಿಣವಂತೆ, ಮುಂದಿನ ಡಬ್ಬಿಯೇ ಕಾಣುವುದಿಲ್ಲವಂತೆ. ಅದಕ್ಕೆ ಹಿಂಜಿದ ಹತ್ತಿಯನ್ನು ಹಳಿಗಳ ಸುತ್ತ ಹರಡಿ, ನಡುವೆ ಕಂಬಳಿ ಹೊದ್ದು ಕಂದೀಲು ಹಿಡಿದ ಒಬ್ಬ ಮಣ್ಣಿನ ಮನುಷ್ಯನನ್ನು ನಿಲ್ಲಿಸಿದರು.

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಹಿಂದಿನ ದಿನ ಹಲಗೆಯನ್ನು ಧೋತರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಕ್ಕನ ಮನೆಗೆ ಹೋದರು. ಎಳ್ಳಮಾಸಿಗೆ ಎಲ್ಲರೂ ಬಂಡಿಯಲ್ಲಿ ಹೊಲಕ್ಕೆ ಹೋಗಿ, ಮೊದಲು ಪೂಜೆ ಮಾಡಿ, ನೈವೇದ್ಯದ ಅಡುಗೆಯನ್ನು ಚರಗವೆಂದು ಬೆಳೆಗೆ ಚೆಲ್ಲಿ, ಆಮೇಲೆ ಊಟ ಮಾಡುವುದು ಪದ್ಧತಿ. ಪ್ರತಿವರ್ಷ ಬಂಡಿ ತುಂಬುವವರು ಗಯಾಬಾಯಿ. ಆ ವರ್ಷ ಕಾಕಾ, ತಾವೇ ತುಂಬುತ್ತೇನೆ ಎಂದು ಹಟ ಹಿಡಿದರು. ಹಲಗೆಯ ಮೇಲೆ ಬೇರೆಯವರು ಏನಾದರೂ ಇಟ್ಟಾರು ಎಂಬ ಭಯ ಅವರಿಗೆ.

ಹೊಲ ಮುಟ್ಟಿದಾಗ ಪೂಜೆಯ ಬುಟ್ಟಿ ಸಿಗಲಿಲ್ಲ. ಅದು ಬಂಡಿಯ ಮುಂತುದಿಯಲ್ಲಿ, ಮೂಕಿಯ ಕಡೆ, ಎಲ್ಲಕ್ಕಿಂತ ಕೆಳಗೆ ಇತ್ತು. ಅದರ ಮೇಲೆ ರೊಟ್ಟಿಯ ಗಂಟು, ಈಚೆಗೆ ಭಜ್ಜಿ ಪಲ್ಯದ ಪಾತ್ರೆ, ಅಂಬಲಿಯ ಗಡಿಗೆ, ಎಲ್ಲಕ್ಕೂ ಹಿಂದೆ ಕಾಕಾನ ಹಲಗೆ. ಒಂದೊಂದನ್ನೂ ಇಳಿಸುವವರೆಗೆ ಮನೆಮಂದಿಯೆಲ್ಲ ಹಸಿದು ನಿಂತಿದ್ದರು.

"ಮೊದಲು ಇಳಿಸೂದನ್ನ ಕಡೀಕ ಹೇರಬೇಕು ತಮ್ಮಾ," ಎಂದರು ಗಯಾಬಾಯಿ. "ರೈಲ್ವೇದಾಗ ಇಷ್ಟೂ ಕಲೀಲಿಲ್ಲೇನು?"

ಕಾಕಾ ತಲೆ ತಗ್ಗಿಸಿದರು. ಆದರೆ ಒಳಗೊಳಗೇ ನಗುತ್ತಿದ್ದರಂತೆ.

ಊಟವಾದ ಮೇಲೆ ಮರದ ಕೆಳಗೆ ಧೋತರ ಬಿಚ್ಚಿದರು. ಗಯಾಬಾಯಿ ಬಗ್ಗಿ ನೋಡಿ, ಹತ್ತಿ ಚೆನ್ನಾಗಿ ಬಂದಿದೆ, ಆದರೆ ಹತ್ತಿಯ ಹೊಲದಲ್ಲಿ ರೈಲು ಯಾಕೆ ಬಿಟ್ಟೆ ಎಂದು ಕೇಳಿದರು. ಎಲ್ಲರೂ ನಕ್ಕರು. ಅದು ಮಂಜು ಎಂದು ಕಾಕಾ ಹೇಳಿ, ಇಂಜಿನನ್ನು ಬೆರಳಿನಿಂದ ತಳ್ಳಿದರು. ಅದು ಹೋಯಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು.

"ಯಾವ ಊರಿಗೆ ಹೊಂಟದ ಇದು?"

"ಯಾವ ಊರಿಗೂ ಇಲ್ಲಕ್ಕಾ. ನಾ ಮುಂಬೈ ಗಾಡಿ ಒಂದಿನಾನೂ ನಡಸಿಲ್ಲ. ಇದ ನನ್ನ ಕೆಲಸ."

ಕಾಕಾ ಅಕ್ಕನ ಮುಖ ನೋಡದೆ, ಹಲಗೆಯನ್ನೇ ನೋಡುತ್ತ ವಿವರಿಸಿದರು. ಮೊದಲು ಬರುವ ಶಹಾಬಾದಿನಲ್ಲಿ ಬಿಡುವ ಡಬ್ಬಿ ಸಾಲಿನ ಹಿಂದಿನ ತುದಿಯಲ್ಲಿರಬೇಕು, ಕಲಬುರ್ಗಿಯದು ಅದರ ಮುಂದೆ, ಸೋಲಾಪುರದ್ದು ಅದಕ್ಕೂ ಮುಂದೆ. ತಪ್ಪಿದರೆ ಇಡೀ ಗಾಡಿ ದಾರಿಯಲ್ಲೇ ನಿಲ್ಲುತ್ತದೆ.

ಗಯಾಬಾಯಿ ಬಹಳ ಹೊತ್ತು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ ಹಲಗೆಯ ಮುಂದೆ ಕುಳಿತರು. ಐದೂ ಡಬ್ಬಿಗಳನ್ನು ಬೇಕೆಂದೇ ಕಲಸಿ, ಮೂರು ಹಳಿಗಳ ಮೇಲೆ ತಾವೇ ಇಂಜಿನ್ ತಳ್ಳಿ ತಳ್ಳಿ ಮತ್ತೆ ಸರಿಯಾಗಿ ಜೋಡಿಸಿದರು. ಒಂದೂ ತಪ್ಪಲಿಲ್ಲ.

"ನಲವತ್ತು ವರ್ಷ ಬಂಡಿ ಮ್ಯಾಲ ನಾ ಮಾಡಿದ್ದೂ ಇದನ ಅಲ್ಲೇನೋ," ಎಂದರು. "ಮೊದಲ ಹೇಳಿದ್ರ ಬಂದು ಕಲಿಸ್ತಿದ್ದೆ."

ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಈಗ ಆ ಹಲಗೆ ಗಯಾಬಾಯಿಯ ಮನೆಯ ಪಡಸಾಲೆಯಲ್ಲಿದೆ. ತಮ್ಮ ಮುಂಬೈ ಗಾಡಿ ನಡೆಸುತ್ತಿದ್ದ ಎಂದು ಅವರು ಈಗ ಹೇಳುವುದಿಲ್ಲ. ಅವನು ಡಬ್ಬಿ ಜೋಡಿಸಿ ಮುಗಿಸುವ ತನಕ ಮುಂಬೈ ಗಾಡಿಯವರೆಲ್ಲ ಕೈಕಟ್ಟಿ ನಿಂತಿರುತ್ತಿದ್ದರು ಎನ್ನುತ್ತಾರೆ. ಕಾಕಾ ಪ್ರತಿ ಸಲವೂ ಅದನ್ನು ತಿದ್ದುತ್ತಾರೆ: "ಗೂಡ್ಸ್ ಗಾಡಿಯವ್ರು ಅಕ್ಕಾ, ಗೂಡ್ಸ್ ಅಷ್ಟ." ಎಳ್ಳಮಾಸಿಯ ಬಂಡಿಗೆ ಮಾತ್ರ ಅವರನ್ನು ಮತ್ತೆ ಕೈ ಹಚ್ಚಗೊಟ್ಟಿಲ್ಲ.