ನಾನು ಮೆತ್ತಗಾಗಿಸಿದ ಸಾಕ್ಷಿ

ಅಪರಾಧಶಾಸ್ತ್ರದ ಆ ಪ್ರಾಧ್ಯಾಪಕಿಗೆ ಕನ್ನಡ ಬಾರದು. ಜನ್ನಾಪುರದ ನಮ್ಮ ಬೀದಿಯಲ್ಲಿ ಕಾನ್ವೆಂಟ್ ಇಂಗ್ಲಿಷ್ ಇದ್ದದ್ದು ನನಗೊಬ್ಬಳಿಗೆ. ಹಾಗಾಗಿ ಎದುರು ಮನೆಯಾಕೆಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ನಾನೇ ಕೂತೆ. ನೆಲ, ನೀರು ಕೆಡಿಸಿ ಬಡವರ ಜೀವ ತೆಗೆಯುವುದನ್ನೂ ಅಪರಾಧವೆಂದೇ ಎಣಿಸಬೇಕು ಎಂಬುದು ಪ್ರಾಧ್ಯಾಪಕಿ ಬರೆಯುತ್ತಿದ್ದ ಪುಸ್ತಕದ ವಾದ.

ಎದುರು ಮನೆಯಾಕೆಯ ಗಂಡ ಬೀದಿ ಕೊನೆಯ ಶೆಡ್ಡಿನಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದವರು. ಸೀಸದ ವಿಷವೇರಿ ಮಣಿಕಟ್ಟು ಜೋತುಬಿದ್ದು, ಅನ್ನ ಕಲಸಲೂ ಆಗದ ಸ್ಥಿತಿಗೆ ಬಂದು ತೀರಿಕೊಂಡರು. ಅದೇ ಶೆಡ್ಡಿನ, ಸೀಸ ಸೇರಿದ್ದ ಬೋರ್‌ವೆಲ್ಲಿನಿಂದ ಮಾಲೀಕ ಬೀದಿಗೊಂದು ಪುಕ್ಕಟೆ ನಲ್ಲಿ ಹಾಕಿಸಿದ್ದ. ಅವರ ಮನೆಯಲ್ಲಿ ಕುಡಿಯುತ್ತಿದ್ದುದೂ ಅದೇ ನೀರು.

"ಬರ್ಕೊಳ್ಳಿ ಮೇಡಂ," ಎಂದಳಾಕೆ. "ಆ ಮಾಲೀಕ ಒಂದಿನಾನೂ ಆ ನೀರು ಬಾಯಿಗೆ ಹಾಕ್ಲಿಲ್ಲ. ಶಿವಮೊಗ್ಗದಿಂದ ಕ್ಯಾನ್ ತಂದ್ಕೊಂಡು ಕುಡೀತಿದ್ದ. ಗೊತ್ತಿದ್ದೇ ಕೊಂದ."

ಯಾರ ಬಗ್ಗೆಯೂ ಕೆಟ್ಟ ಮಾತು ಆಡಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಕ್ಯಾನನ್ನು ನಾನೇ ಕಣ್ಣಾರೆ ಕಂಡವಳು. ನೀಲಿ ಮುಚ್ಚಳದ್ದು, ಆತನ ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಬರುತ್ತಿತ್ತು. ಆದರೂ, ಮಾಲೀಕರು ನೀರಿನ ಕಡೆ ಅಷ್ಟಾಗಿ ಗಮನ ಕೊಡಲಿಲ್ಲವಂತೆ ಎಂದು ಪ್ರಾಧ್ಯಾಪಕಿಗೆ ಹೇಳಿಬಿಟ್ಟೆ. ಕ್ಯಾನಿನ ಮಾತೆತ್ತಲಿಲ್ಲ.

ಕೆಲವು ತಿಂಗಳ ನಂತರ, ಅಚ್ಚಿಗೆ ಹೋಗುವ ಮೊದಲು ನೋಡಿ ಎಂದು ಪುಸ್ತಕದಲ್ಲಿ ನಮ್ಮ ಬೀದಿಯ ಅಧ್ಯಾಯ ನನ್ನ ಫೋನಿಗೆ ಬಂತು. ಎದುರು ಮನೆಯಾಕೆ ನಮ್ಮ ಜಗಲಿಯಲ್ಲಿ ಕೂತು ನನ್ನಿಂದ ಕನ್ನಡದಲ್ಲಿ ಓದಿಸಿಕೊಂಡಳು. ಮಾಲೀಕನದು ಅಜಾಗರೂಕತೆ, ತಿಳಿದೂ ಮಾಡಿದ ಎನ್ನಲು ಆಧಾರವಿಲ್ಲ ಎಂದಿತ್ತು.

"ಕ್ಯಾನ್ ಎಲ್ಲಿ?"

"ನಾನೇ... ಸ್ವಲ್ಪ ಮೆತ್ತಗೆ ಹೇಳಿದ್ದೆ."

ಅಲ್ಲಿಯವರೆಗೆ ಅಕ್ಕ, ನೀವು ಎನ್ನುತ್ತಿದ್ದವಳು ಎದ್ದು ನಿಂತಳು. "ಮೆತ್ತಗಾ? ಸತ್ತಿದ್ದು ನನ್ ಗಂಡ, ನಯ ನಾಜೂಕು ನಿಂದಾ? ನಿಮ್ಮನೇಲಿ ಫಿಲ್ಟರ್ ಇತ್ತಲ್ಲ ಮಾರಾಯ್ತಿ, ನಿಂಗ್ಯಾಕೆ ಉರಿಯತ್ತೆ!"

ಇತ್ತು. ಆ ನಲ್ಲಿಯ ನೀರಿನಲ್ಲಿ ನಾನು ಪಾತ್ರೆ ಸಹ ತೊಳೆದವಳಲ್ಲ.

ಅವಳೆದುರಿಗೇ ಪ್ರಾಧ್ಯಾಪಕಿಗೆ ಫೋನ್ ಮಾಡಿ ಕ್ಯಾನಿನ ವಿಷಯ, ಗೊತ್ತಿದ್ದೇ ಕೊಂದ ಎಂಬ ಮಾತು, ನನ್ನ ತಪ್ಪು, ಎಲ್ಲವನ್ನೂ ಹೇಳಿದೆ. ತಿದ್ದುವುದಾಗಿ ಅವರು ಒಪ್ಪಿದರು.

"ಏನಂದೆ ಅವ್ರಿಗೆ?"

"ನೀನು ಹೇಳಿದ್ದನ್ನೇ."

"ಅವತ್ತೂ ಹಂಗೇ ಅಂದಿದ್ದೆ. ನಂಬರ್ ಕೊಡು. ನನ್ ತಂಗಿ ಮಗಳು ಕಾಲೇಜಲ್ಲಿ ಇಂಗ್ಲಿಷ್ ಓದಿದಾಳೆ, ಅವ್ಳೇ ಮಾತಾಡ್ತಾಳೆ. ನೀನು ಬಾಯಿ ಹಾಕ್ಬೇಡ."

ಚೀಟಿಯಲ್ಲಿ ನಂಬರ್ ಬರೆದುಕೊಟ್ಟೆ. ಅವಳು ನನ್ನ ಫೋನನ್ನು ಕೈಗೆ ತೆಗೆದುಕೊಂಡು, ಅದರಲ್ಲಿದ್ದ ನಂಬರಿನ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು, ಚೀಟಿಯನ್ನು ಎರಡು ಸಲ ತಾಳೆ ನೋಡಿದಳು.