ಅಕ್ಕ ತಂದುಕೊಟ್ಟ ನಿಶ್ಶಬ್ದ

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಅಲ್ಲಿ ಉರುಳೆ ಇಸ್ತ್ರಿಯ ಮುಂದೆ ನಿಲ್ಲುವವನಿಗೆ ಹೂಂಕಾರಪ್ಪ ಎಂಬ ಹೆಸರು ಯಾವಾಗ ಬಿತ್ತು, ಯಾರು ಇಟ್ಟರು ಎಂದು ಯಾರಿಗೂ ನೆನಪಿಲ್ಲ. ಹೆಸರು ಮಾತ್ರ ಹೇಳಿ ಮಾಡಿಸಿದಂತಿತ್ತು. ಮೇಲ್ವಿಚಾರಕ ಬಂದು ಬೈದರೂ ಅವನು ಹೂಂ ಎನ್ನುತ್ತಿದ್ದ, ಹೊಗಳಿದರೂ ಹೂಂ. "ಇವತ್ತು ಚಾದರ ಜಾಸ್ತಿ ಬಂದಿದೆ ಕಣೋ" ಎಂದರೂ ಹೂಂ, "ನಿನ್ನ ಅಂಗಿ ಹಿಂದೆ ಹರಿದಿದೆ" ಎಂದರೂ ಹೂಂ. ಅಹಂಕಾರವೇನೂ ಅಲ್ಲ. ಮಾತು ಅವನಿಗೆ ಬೇರೆಯವರ ಚಪ್ಪಲಿಯ ಹಾಗೆ, ಹಾಕಿಕೊಂಡರೆ ನಡೆಯಲು ಬರುತ್ತಿರಲಿಲ್ಲ.

ಆ ನೆಲಮಾಳಿಗೆಯಲ್ಲಿ ಮಾತಾಡಿ ಪ್ರಯೋಜನವೂ ಇರಲಿಲ್ಲ ಅನ್ನಿ. ಆಳೆತ್ತರದ ಒಗೆಯುವ ಡ್ರಮ್ಮುಗಳು ಒಂದು ಕಡೆ ಗುಡುಗುತ್ತಿದ್ದವು. ಒಣಗಿಸುವ ಯಂತ್ರಗಳು ಇನ್ನೊಂದು ಕಡೆ ಸುಯ್ಯೆನ್ನುತ್ತಿದ್ದವು. ಇವನ ಉರುಳೆ ನಡುವೆ ಬುಸುಗುಟ್ಟುತ್ತ ಒದ್ದೆ ಚಾದರವನ್ನು ಈ ಕಡೆಯಿಂದ ನುಂಗಿ ಆ ಕಡೆಯಿಂದ ಬಿಸಿ ಹಪ್ಪಳದಂತೆ ಉಗುಳುತ್ತಿತ್ತು. ಆ ತುದಿಯಲ್ಲಿ ಚಾದರ ಹಿಡಿದು ಮಡಚುವ ಹೆಂಗಸಿಗೂ ಅವನಿಗೂ ಕಣ್ಸನ್ನೆಯಲ್ಲೇ ಕೆಲಸ ಸಾಗುತ್ತಿತ್ತು. ಹೀಗೆ ಅರ್ಧ ಆಯುಷ್ಯ ಕಳೆದ ಮೇಲೆ ಅವನ ಕಿವಿಯಲ್ಲಿ ಏನೋ ಒಂದು ಕುಯ್‌ಗುಟ್ಟಲು ಶುರುವಾಯಿತು. ಕಿವಿಯ ವೈದ್ಯರು ನೋಡಿ, "ಯಂತ್ರದ ಗದ್ದಲ ನಿಮ್ಮ ಕಿವಿ ತಿಂತಾ ಇದೆ. ಹೇಗಾದ್ರೂ ಮಾಡಿ ತಗ್ಗಿಸ್ಕೊಳ್ಳಿ" ಎಂದರು. ಕೆಲಸದಲ್ಲಿ ಕೊಟ್ಟ ಸ್ಪಂಜಿನ ಬಿರಡೆಗಳಿಂದ ಅವನಿಗೆ ಕಿವಿಯೆಲ್ಲ ತುರಿಕೆಯಾಯಿತು. ಎರಡು ದಿನ ಹಾಕಿ ಎಸೆದ.

ಈ ಸುದ್ದಿ ಅವನ ಅಕ್ಕನಿಗೆ ಮುಟ್ಟಿತು. ಮುಟ್ಟದೆ ಇರುತ್ತದೆಯೇ? ತಮ್ಮ ಸೀನಿದರೆ ಅವಳಿಗೆ ನೆಗಡಿ.

ಅಕ್ಕನ ಬಗ್ಗೆ ಇಲ್ಲಿ ಒಂದಿಷ್ಟು ಹೇಳಲೇಬೇಕು. ತಮ್ಮ ಎಷ್ಟು ಮೌನಿಯೋ ಅವಳು ಅಷ್ಟು ಮಾತುಗಾತಿ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಕಡೆ ನಿಂತಿದೆ ಎಂದು ಕೂಗುವ ಕೆಲಸ ಅವಳದು. ಅರಳು ಹುರಿದಂತೆ ಮಾತು, ಗಂಟೆ ಬಾರಿಸಿದಂಥ ಗಂಟಲು. ಆಮೇಲೆ ಆ ಕೆಲಸಕ್ಕೆ ಯಂತ್ರದ ಧ್ವನಿ ಬಂತು. ಅವಳನ್ನು ಪ್ರಯಾಣಿಕರು ಬಿಟ್ಟುಹೋದ ಸಾಮಾನು ಕಾಯುವ ಕಿಟಕಿಗೆ ಹಾಕಿದರು. ಕೊಡೆ, ಕನ್ನಡಕ, ಒಂಟಿ ಚಪ್ಪಲಿಗಳ ನಡುವೆ ಕೂತು ಅವಳು ಮಾತಿಗೆ ಜನ ಹುಡುಕತೊಡಗಿದಳು. ಮದುವೆಯಾದವಳಲ್ಲ. ಅಮ್ಮ ತೀರಿಕೊಂಡಾಗ ತಮ್ಮನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವನನ್ನು ಎತ್ತಿ ಆಡಿಸಿ, ಓದಿಸಿ, ಕೆಲಸಕ್ಕೆ ಸೇರಿಸಿ, ಹೆಣ್ಣು ನೋಡಿ ಮದುವೆ ಮಾಡಿದವಳು ಅವಳೇ. ದಿನಾ ಮಧ್ಯಾಹ್ನ ಅವನ ಊಟದ ಹೊತ್ತಿಗೆ ಫೋನು ಮಾಡುತ್ತಿದ್ದಳು. ಅವಳು ಹೇಳುತ್ತಿದ್ದಳು, ಅವನು ಹೂಂಗುಟ್ಟುತ್ತ ಉಣ್ಣುತ್ತಿದ್ದ. ರಜೆಯ ದಿನ ಮನೆಗೇ ಬರುತ್ತಿದ್ದಳು.

ಅಂಥ ಒಂದು ರಜೆಯ ದಿನ ಬೆಳಿಗ್ಗೆ ಅವಳು ಬಂದದ್ದು ಅಂಗೈಯಲ್ಲಿ ಹಿಡಿಸುವ ಒಂದು ಪೆಟ್ಟಿಗೆಯೊಂದಿಗೆ.

"ತಗೋ, ನಿನ್ನ ಕಿವಿಗೆ ಮದ್ದು. ವೈರಿಲ್ಲ, ಗೀರಿಲ್ಲ. ಕಿವಿಗೆ ಸಿಕ್ಕಿಸ್ಕೊಂಡ್ರೆ ಲೋಕದ ಗದ್ದಲ ಎಲ್ಲಾ ಬಾಗಿಲ ಹೊರಗೆ. ನಮ್ಮ ನಿಲ್ದಾಣದಲ್ಲಿ ಒಬ್ಬರು ಇಂಥದ್ದೇ ಬಿಟ್ಟುಹೋಗಿದ್ರು, ವಾಪಸ್ ಕೊಡೋವಾಗ ಕೇಳಿ ತಿಳ್ಕೊಂಡೆ."

ಅವನ ಮಗಳು ಕಾಲೇಜಿನ ಹುಡುಗಿ. ಪೆಟ್ಟಿಗೆ ತಿರುಗಿಸಿ ನೋಡಿ ಹುಬ್ಬು ಗಂಟಿಕ್ಕಿದಳು. "ಅತ್ತೆ, ಈ ಇಯರ್‌ಬಡ್ ನಿಮ್ಮ ಫೋನ್ ಕಂಪನಿಯದ್ದು. ಅಪ್ಪನ ಫೋನ್ ಬೇರೆ ಕಂಪನಿಯದ್ದು."

"ಅದಕ್ಕೇನಾಯ್ತು? ಕಿವಿ ಒಂದೇ ಅಲ್ವಾ?"

"ಹಾಡು ಬರುತ್ತೆ ಅತ್ತೆ, ಕರೆನೂ ಬರುತ್ತೆ. ಆದ್ರೆ ಗದ್ದಲ ತಗ್ಗಿಸೋದನ್ನ ಹೆಚ್ಚುಕಮ್ಮಿ ಮಾಡೋ ಆ್ಯಪ್ ಇವರ ಫೋನಲ್ಲಿ ಸಿಗಲ್ಲ. ನಿಮ್ಮ ಫೋನಾದ್ರೆ ನಾವು ಮಾತು ಶುರುಮಾಡಿದ್ರೆ ತಾನಾಗೇ ಹಾಡು ತಗ್ಗಿಸಿ ಎದುರಿನವರ ಮಾತು ಕೇಳಿಸುತ್ತೆ. ಇವರದ್ದರಲ್ಲಿ ಅದೆಲ್ಲ ಇಲ್ಲ."

ಅಕ್ಕನ ಮುಖ ಸಣ್ಣದಾಯಿತು. "ಅಂದ್ರೆ ತಪ್ಪು ಸಾಮಾನು ತಂದೆ ಅನ್ನು."

"ಇಲ್ಲ ಅತ್ತೆ! ಇಯರ್‌ಬಡ್‌ನ ಈ ಕಡ್ಡಿ ಒತ್ತಿ ಹಿಡಿದ್ರೆ ಗದ್ದಲ ತಡೆಯೋದು ಆನ್ ಆಗುತ್ತೆ, ಮತ್ತೆ ಒತ್ತಿದ್ರೆ ಆಫ್. ಫೋನ್ ಯಾವುದಾದ್ರೂ ಅಷ್ಟು ಆಗಲೇಬೇಕು. ಪರೀಕ್ಷೆ ಮಾಡೋಣ."

ಪರೀಕ್ಷೆ ಎಂಬ ಮಾತು ಕೇಳಿದ್ದೇ ಅಕ್ಕನಿಗೆ ಜೀವ ಬಂತು. ತಮ್ಮನನ್ನು ನಡುಮನೆಯ ಕುರ್ಚಿಯಲ್ಲಿ ಕೂರಿಸಿದಳು. ಮೊದಲು ಫ್ಯಾನು ಜೋರಾಗಿ ಹಾಕಿಸಿದಳು. ಅವನು ಕಡ್ಡಿ ಒತ್ತಿ ಹಿಡಿದ. ಕಿವಿಯಲ್ಲಿ ಟಿಣ್ ಎಂದು ಒಂದು ಸದ್ದಾಗಿ, ಫ್ಯಾನಿನ ಗಾಳಿ ಮಾತ್ರ ಉಳಿದು ಸದ್ದು ಮಾಯವಾಯಿತು. ಅವನ ಕಣ್ಣುಗಳು ಅಗಲವಾದವು. ಹೆಂಡತಿ ಅಡುಗೆಮನೆಯಿಂದ ಮಿಕ್ಸಿಯನ್ನೇ ತಂದು ಅವನ ಕಾಲ ಬಳಿ ಇಟ್ಟು ಖಾಲಿ ತಿರುಗಿಸಿದಳು. ಪೂರ್ತಿ ಹೋಗಲಿಲ್ಲ, ಆದರೆ ಪಕ್ಕದ ಬೀದಿಯಲ್ಲೆಲ್ಲೋ ತಿರುಗಿದಂತಾಯಿತು. ಮೇಲಿನ ಮನೆಯಲ್ಲಿ ಒಬ್ಬ ನೆಲಕ್ಕೆ ಕಲ್ಲು ಹಾಸಲು ಎರಡು ವಾರದಿಂದ ಕರಕರ ಕೊಯ್ಯುತ್ತ ಎಲ್ಲರ ಹಲ್ಲು ಜುಮ್ಮೆನಿಸುತ್ತಿದ್ದ. ಅದೂ ಸೊಳ್ಳೆಯಷ್ಟಾಯಿತು.

"ಇನ್ನು ಮನುಷ್ಯರ ಮಾತು" ಎಂದಳು ಅಕ್ಕ.

"ಮಾತು ಅಷ್ಟಾಗಿ ತಡೆಯಲ್ಲ ಅತ್ತೆ. ಒಂದೇ ಸಮ ಬರೋ ಸದ್ದನ್ನ ಮಾತ್ರ ಅದು ಹಿಡಿಯೋದು."

"ನಂದೂ ಒಂದೇ ಸಮ ಬರೋದೇ ಅಲ್ವೇನೇ?" ಎಂದು ಅಕ್ಕ ತಾನೇ ಜೋಕು ಮಾಡಿ ತಾನೇ ನಕ್ಕಳು. ಮಗಳು ಅವನ ಫೋನಿನಲ್ಲಿ ಒಂದು ಹಾಡು ಹಾಕಿ ಧ್ವನಿ ಏರಿಸಿದಳು. ಅಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತು, ಎಷ್ಟೋ ಕಾಲದ ನಂತರ ಮೈಕು ಸಿಕ್ಕವಳಂತೆ ಗಂಟಲು ಸರಿಮಾಡಿಕೊಂಡು, ಬಸ್ಸುಗಳ ಪಟ್ಟಿಯನ್ನು ಕೂಗತೊಡಗಿದಳು.

ಅವನಿಗೆ ಕಂಡದ್ದು ಇಷ್ಟು: ಅಕ್ಕನ ಬಾಯಿ ಆಡುತ್ತಿದೆ, ಕೈ ಆಡುತ್ತಿದೆ, ಕತ್ತಿನ ನರ ಉಬ್ಬಿದೆ. ಕೇಳಿಸುತ್ತಿರುವುದು ಹಾಡು ಮಾತ್ರ. ಅವನಿಗೆ ನಗು ಬಂತು. ಪಕ್ಕದಲ್ಲಿ ನಿಂತ ಹೆಂಡತಿಯ ಕಡೆ ವಾಲಿ, ಗುಟ್ಟು ಹೇಳುವವನಂತೆ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ.

ಪಿಸುಗುಟ್ಟಿದೆ ಎಂದು ಅವನು ತಿಳಿದಿದ್ದ. ಕಿವಿ ಮುಚ್ಚಿದವನಿಗೆ ತನ್ನ ಗಂಟಲಿನ ಅಳತೆ ಎಲ್ಲಿ ಗೊತ್ತಾಗಬೇಕು?

"ಒಂದಕ್ಷರ ಕೇಳಿಸ್ತಿಲ್ಲ ಕಣೇ! ಹುಟ್ಟಿದಾಗಿನಿಂದ ಈ ಬಾಯಿ ಮುಚ್ಚಿದ್ದು ನಾನು ಕಂಡಿರಲಿಲ್ಲ. ಎಷ್ಟು ನೆಮ್ಮದಿ! ದಿನಾ ಊಟದ ಹೊತ್ತಲ್ಲಿ ಇದನ್ನೇ ಹಾಕ್ಕೊಂಡು ಕೂತ್ರೆ ಅನ್ನನಾದ್ರೂ ಮೈಗೆ ಹತ್ತುತ್ತೆ."

ಇಡೀ ವರ್ಷಕ್ಕೆ ಅವನು ಆಡುವ ಮಾತು ಅದಾಗಿತ್ತು. ಮೇಲಿನ ಮನೆಯ ಕಲ್ಲು ಕೊಯ್ಯುವವನೂ ಯಂತ್ರ ನಿಲ್ಲಿಸಿ ಕಿವಿಗೊಟ್ಟನಂತೆ, ಅಷ್ಟು ಜೋರು. ಹೆಂಡತಿ ಅವನ ತೋಳು ಚಿವುಟಿದಳು. ಅವನಿಗೆ ಅದು ತಮಾಷೆಗೆ ಸೇರಿದ ಚಿವುಟು ಅನ್ನಿಸಿತು. ತಲೆಯೆತ್ತಿ ನೋಡಿದರೆ ಅಕ್ಕನ ಬಾಯಿ ನಿಂತಿತ್ತು. ಫಲಿತಾಂಶಕ್ಕೆ ಕಾಯುತ್ತಿದ್ದಾಳೆ ಎಂದುಕೊಂಡು ಅವನು ಹೆಬ್ಬೆರಳು ಎತ್ತಿ ತೋರಿಸಿದ. ಸಾಲದೆಂಬಂತೆ, "ಬಹಳ ಚೆನ್ನಾಗಿದೆ ಅಕ್ಕಾ!" ಎಂದು ಕೂಗಿದ.

ಮಗಳೇ ಬಂದು ಅವನ ಕಿವಿಯಿಂದ ಇಯರ್‌ಬಡ್‌ಗಳನ್ನು ಕಿತ್ತಳು. ಫ್ಯಾನಿನ ಸದ್ದು ವಾಪಸು ಬಂತು. ಬೇರೆ ಯಾವ ಸದ್ದೂ ಇರಲಿಲ್ಲ.

ಅಕ್ಕ ಸೆರಗು ಸರಿಮಾಡಿಕೊಂಡಳು. "ಕೆಲಸ ಮಾಡುತ್ತೆ ಅಂತ ಆಯ್ತಲ್ಲ. ತಂದದ್ದು ಸಾರ್ಥಕ" ಎಂದಳು. ಆ ದಿನ ಅವಳು ಊಟಕ್ಕೂ ನಿಂತಳು, ಎರಡನೆಯ ಸಲ ಅನ್ನವನ್ನೂ ಹಾಕಿಸಿಕೊಂಡಳು. ಸಿಟ್ಟು ಮಾಡಿಕೊಂಡು ಎದ್ದುಹೋಗಿದ್ದರೆ ಅವನಿಗೆ ಒಂದು ದಾರಿ ಇರುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಮಾತಿಲ್ಲದೆ ತುತ್ತು ಅಗಿದಳು, ತಟ್ಟೆ ತೊಳೆದಿಟ್ಟಳು, ಹೋಗಿಬರುತ್ತೇನೆಂದು ಎಲ್ಲರಿಗೂ ಹೇಳಿ ಹೋದಳು. ಅವನು ಅಷ್ಟು ಹೊತ್ತೂ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಭೂಮಿ ಬಾಯಿಬಿಡುತ್ತದೆ ಎನ್ನುತ್ತಾರಲ್ಲ, ಬೇಕಾದಾಗ ಎಲ್ಲಿ ಬಿಡುತ್ತದೆ?

"ನಾನು ಮೆಲ್ಲಗೆ ಹೇಳಿದೆ ಅಂದ್ಕೊಂಡೆ" ಎಂದ, ಅವಳು ಹೋದ ಮೇಲೆ.

"ಮೆಲ್ಲಗೆ ಹೇಳಿದ್ರೆ ಸರಿಹೋಗ್ತಿತ್ತಾ?" ಎಂದಳು ಹೆಂಡತಿ.

ಮರುದಿನದಿಂದಲೂ ಅಕ್ಕನ ಫೋನು ತಪ್ಪಲಿಲ್ಲ. ಅದೇ ಹೊತ್ತು, ಅದೇ ಗಂಟಲು. "ಊಟ ಆಯ್ತಾ? ಕಿವಿಗೆ ಹಾಕ್ಕೊಳ್ತಿದೀಯಾ? ಸರಿ, ಇಡ್ತೀನಿ." ಅಷ್ಟೇ. ಡಬ್ಬಿಯ ಅನ್ನ ಪೂರ್ತಿ ಉಳಿದಿರುತ್ತಿತ್ತು, ಹೊತ್ತೂ ಉಳಿದಿರುತ್ತಿತ್ತು. ನೆಮ್ಮದಿ ಕೇಳಿದ್ದನಲ್ಲ, ಬೇಕಾದಷ್ಟು ಸಿಕ್ಕಿತು. ಮಡಚುವ ಹೆಂಗಸು ಒಂದು ದಿನ, "ಏನಪ್ಪಾ, ನಿಮ್ಮಕ್ಕನಿಗೆ ಮೈ ಸರಿಯಿಲ್ವಾ?" ಎಂದು ಕೇಳಿದಾಗ ಅವನ ಕಿವಿಯ ತುದಿ ಕೆಂಪಾಯಿತು. ಇಷ್ಟು ವರ್ಷ ಆ ಹರಟೆಯನ್ನು ಅವಳೂ ಅರ್ಧ ಕೇಳಿಸಿಕೊಳ್ಳುತ್ತಿದ್ದಳು ಎಂದು ಆಗ ಗೊತ್ತಾಯಿತು.

ಕೆಲಸದ ಹೊತ್ತಿನಲ್ಲಿ ಅವನು ಇಯರ್‌ಬಡ್ ಹಾಕಿಕೊಳ್ಳುತ್ತಿದ್ದ. ಒಳ್ಳೆಯ ಸಾಮಾನು. ಉರುಳೆಯ ಬುಸುಬುಸು, ಡ್ರಮ್ಮಿನ ಗುಡುಗು ಎರಡೂ ತಗ್ಗುತ್ತಿದ್ದವು. ಆದರೆ ಒಮ್ಮೊಮ್ಮೆ ಅಷ್ಟು ನಿಶ್ಶಬ್ದದಲ್ಲಿ ತಲೆಯೊಳಗೆ ಬೇರೇನೋ ಕೇಳತೊಡಗುತ್ತಿತ್ತು. ಅಮ್ಮ ಹೋದ ಹೊಸತರಲ್ಲಿ, ಅವರಿದ್ದ ಒಂದೇ ಕೋಣೆಯಲ್ಲಿ, ದೀಪ ಆರಿಸಿದೊಡನೆ ಅವನಿಗೆ ಅಳು ಬರುತ್ತಿತ್ತು. ಆಗ ಅಕ್ಕ ಮಾತು ಶುರುಮಾಡುತ್ತಿದ್ದಳು. ಬೀದಿಯಲ್ಲಿ ಕಂಡದ್ದು, ಶಾಲೆಯಲ್ಲಿ ಆದದ್ದು, ಆಗದೇ ಇದ್ದದ್ದು. ಅವನು ಹೂಂಗುಟ್ಟಬೇಕು. ಹೂಂ ನಿಂತರೆ ನಿದ್ದೆ ಬಂತೆಂದು ಲೆಕ್ಕ. ತನ್ನ ಬಾಯಿಗೆ ಅಂಟಿದ ಈ ಒಂದಕ್ಷರ ಎಲ್ಲಿಂದ ಬಂತೆಂಬುದನ್ನೇ ಅವನು ಮರೆತಿದ್ದ. ಎಲುಬಿಲ್ಲದ ನಾಲಿಗೆ ಎಂದು ಅವಳನ್ನು ಎಷ್ಟು ಸಲ ಮನಸ್ಸಿನಲ್ಲೇ ಆಡಿಕೊಂಡಿದ್ದ!

ಒಂದು ಮಧ್ಯಾಹ್ನ ಅರ್ಧ ದಿನದ ರಜೆ ಹಾಕಿ ಬಸ್ ನಿಲ್ದಾಣಕ್ಕೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಕಿಟಕಿಯ ಹಿಂದೆ ಅಕ್ಕ ಯಾರದೋ ಕೊಡೆಗೆ ಚೀಟಿ ಕಟ್ಟುತ್ತಿದ್ದಳು.

"ಏನೋ, ಈ ಹೊತ್ತಲ್ಲಿ? ಮಗೂಗೆ ಹುಷಾರಿಲ್ವಾ?"

"ಎಲ್ಲ ಹುಷಾರಾಗಿದಾರೆ. ಅವತ್ತು ನಾನು ಹೇಳಿದ್ದು..." ಎಂದ. ಜೋಡಿಸಿದ ಮಾತೆಲ್ಲ ಅಲ್ಲಿಗೇ ಮುಗಿಯಿತು.

ಅಕ್ಕ ಗಂಟು ಬಿಗಿದಳು. "ಹೇಳಿದ್ದು ನಿಜ ತಾನೇ?"

"ಹೂಂ" ಎಂದುಬಿಟ್ಟ.

ಅಭ್ಯಾಸಬಲ. ಬಾಯಿಂದ ಬಿದ್ದ ಮೇಲೆ ಅವನಿಗೆ ಕೇಳಿಸಿತು. ಮುಖಕ್ಕೆ ಉರುಳೆಯ ಹಬೆ ಹೊಡೆದಂತಾಯಿತು. ಗಾಯಕ್ಕೆ ಮದ್ದು ಹಚ್ಚಲು ಬಂದವನು ಬರೆ ಎಳೆದಿದ್ದ. ಕಿಟಕಿಯ ಕಟ್ಟೆ ಹಿಡಿದುಕೊಂಡು ನಿಂತ. ಹಿಂದೆ ಇಬ್ಬರು ಪ್ರಯಾಣಿಕರು ಬಂದು ನಿಂತಿದ್ದರು, ಮೇಲೆ ಯಂತ್ರದ ಧ್ವನಿ ಯಾವುದೋ ಬಸ್ಸು ಹೊರಟಿತೆನ್ನುತ್ತಿತ್ತು. ಅವರೆಲ್ಲರ ಎದುರು ಅವನ ಕಣ್ಣಲ್ಲಿ ನೀರು ಬಂತು. ಐವತ್ತು ದಾಟಿದ ಗಂಡಸು.

"ಅಕ್ಕಾ, ನಿಜ. ನಿನ್ನ ಮಾತು ಜಾಸ್ತಿ. ನಂಗೆ ಬೇಜಾರೂ ಆಗ್ತಿತ್ತು. ಆದ್ರೆ ಈಗ ಅನ್ನ ಇಳೀತಿಲ್ಲ. ನಿನ್ನ ಮುಂದೆ ನಿಲ್ಲೋಕೂ ನಾಚಿಕೆ ಆಗುತ್ತೆ. ನಾನು ಅಷ್ಟು ಕೆಟ್ಟದಾಗಿ ಹೇಳಬಾರದಿತ್ತು. ಜೋರಾಗಿ ಹೇಳಿದ್ದಕ್ಕಲ್ಲ. ಹೇಳಿದ್ದಕ್ಕೆ."

ಅಕ್ಕ ಕೈಯಲ್ಲಿದ್ದ ಕೊಡೆಯನ್ನು ಬದಿಗಿಟ್ಟಳು. ಹಿಂದಿದ್ದವರನ್ನು ಮುಂದೆ ಕರೆದು, ಒಬ್ಬರಿಗೆ ಚೀಲ ಹುಡುಕಿಕೊಟ್ಟು, ಇನ್ನೊಬ್ಬರಿಗೆ ನಾಳೆ ಬನ್ನಿ ಎಂದು ಕಳಿಸಿದಳು. ಆಮೇಲೆ ಪಕ್ಕದ ಬಾಗಿಲು ತೆರೆದು ಅವನನ್ನು ಒಳಗೆ ಸ್ಟೂಲಿನ ಮೇಲೆ ಕೂರಿಸಿದಳು.

"ನಾನೂ ಯೋಚನೆ ಮಾಡ್ದೆ ಕಣೋ" ಎಂದಳು. "ನಿನಗೆ ಭಯ ಆಗುತ್ತೆ ಅಂತ ಮಾತಾಡ್ತೀನಿ ಅಂದ್ಕೊಂಡಿದ್ದೆ ಇಷ್ಟು ದಿನ. ಅವತ್ತು ಮನೆಗೆ ಹೋಗಿ ಸುಮ್ಮನೆ ಕೂತು ನೋಡ್ದೆ. ಭಯ ನಂಗೇ ಇತ್ತು. ಆಗಲೂ ಇತ್ತು, ಈಗಲೂ ಇದೆ. ನಿನ್ನ ಮೇಲೆ ಹೊರಿಸಿ ಮಾತಾಡಿಬಿಟ್ಟೆ." ಹೇಳಿ ಅವಳೂ ತಲೆ ತಗ್ಗಿಸಿದಳು. ಅದನ್ನು ನೋಡುವುದಕ್ಕಿಂತ ಅವಳು ಬೈದಿದ್ದರೆ ಅವನಿಗೆ ಸುಖವಿತ್ತು.

ಅವನು ಜೇಬಿನಿಂದ ಪೆಟ್ಟಿಗೆ ತೆಗೆದ. "ಇದು ನಿನ್ನ ಫೋನಿಗೇ ಸರಿಹೋಗುತ್ತಂತೆ. ನೀನೇ ಇಟ್ಕೋ."

"ನಾನು ಇದನ್ನ ಕಿವಿಗೆ ಹಾಕ್ಕೊಂಡು ಯಾರ ಬಾಯಿ ಮುಚ್ಚಿಸಲಿ?" ಎಂದಳು ಅಕ್ಕ. ಹೇಳಿದ ಮೇಲೆ ಇಬ್ಬರಿಗೂ ನಗು ಬರುವಂತಿತ್ತು, ಬರಲಿಲ್ಲ. "ಒಳಗಿಡು. ಕಿವಿ ಉಳಿಸ್ಕೋ."

ಫೋನಿನ ಮಾತು ಮೊದಲಿನಷ್ಟು ಉದ್ದವಾಗಲು ತಿಂಗಳುಗಳೇ ಹಿಡಿದವು. ಪೂರ್ತಿ ಮೊದಲಿನಂತೆ ಆಗಲೂ ಇಲ್ಲ. ಈಗ ಅವಳು ನಡುನಡುವೆ ನಿಲ್ಲುತ್ತಾಳೆ. ಆ ಬಿಡುವು ತುಂಬಲು ಅವನು ಏನಾದರೂ ಹೇಳಬೇಕು. ಮೊದಲ ಸಲ ಹೇಳಿದ್ದು, ಚಾದರಗಳ ನಡುವೆ ಯಾವುದೋ ಮಗುವಿನ ಗೊಂಬೆ ಸೇರಿಕೊಂಡು ಉರುಳೆಯಲ್ಲಿ ಚಪಾತಿಯಂತಾದ ಸಂಗತಿ. ಮೂರು ವಾಕ್ಯಕ್ಕೆ ಉಸಿರು ಕಟ್ಟಿತು. ನಾಲ್ಕನೆಯದನ್ನು ಅಕ್ಕನೇ ಕಿತ್ತುಕೊಂಡು, ತನ್ನ ಕಿಟಕಿಗೆ ಬಂದ ಗೊಂಬೆಗಳ ಕಥೆಗೆ ಹಾರಿದಳು. ಅವನು ಹಿತವಾಗಿ ಅನ್ನ ಕಲಸಿಕೊಂಡ.

ಆದರೆ ಕಥೆಯ ರುಚಿಯಾದ ಜಾಗದಲ್ಲೇ ಅವಳು ತಟ್ಟನೆ ನಿಂತು, "ಸಾಕೇನೋ? ನಿನಗೆ ಕೆಲಸ ಇರುತ್ತೆ" ಎಂದಳು.

"ಇಲ್ಲ ಅಕ್ಕ, ಹೇಳು."

"ನಿಜವಾಗ್ಲೂ?"

ಅವಳು ಹಾಗೆ ಕೇಳಿದಾಗಲೆಲ್ಲ, ಇವತ್ತಿಗೂ, ಅವನ ಕತ್ತು ಬಿಸಿಯಾಗುತ್ತದೆ. "ನಿಜವಾಗ್ಲೂ" ಎನ್ನುತ್ತಾನೆ. ಅವಳು ಒಂದು ಗಳಿಗೆ ಅಳೆದು ನೋಡುತ್ತಾಳೆ. ಆಮೇಲೆ ಮುಂದುವರಿಸುತ್ತಾಳೆ.